ಏಳರ ಆಕಾರದ ದ್ವೀಪ, ಅದರಾಚೆಯ ಊರು

ಮೆಕ್ಸಿಕೋ ದೇಶದ ಭೂಪಟವನ್ನು ಮುಂದಿಟ್ಟುಕೊಂಡರೆ ಬಲತುದಿಯಲ್ಲಿ ಹೆಬ್ಬೆರಳು ಮೇಲಕ್ಕೆತ್ತಿದಂತೆ ಒಂದು ನೆಲ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದು ಯುಕಟಾನ್ ಪರ್ಯಾಯ ದ್ವೀಪ. ಆ ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಕಣ್ಣು ಕಿರಿದು ಮಾಡಿ ಹುಡುಕಿದರೆ ಇಂಗ್ಲಿಷಿನ 7ರ ಅಂಕಿಯಂಥ ಒಂದು ಸಣ್ಣ ಗೆರೆ ಕಾಣುತ್ತದೆ. ಅದೇ ಕ್ಯಾನ್‌ಕುನ್. ಹೊರಬದಿಗೆ ಕೆರಿಬಿಯನ್ ಸಮುದ್ರ, ಒಳಬದಿಗೆ ನಿಚುಪ್ತೆ ಎಂಬ ದೊಡ್ಡ ಹಿನ್ನೀರು, ನಡುವೆ ಸುಮಾರು 23 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ. ಕೆಲವು ಕಡೆ ಒಂದು ರಸ್ತೆ, ಒಂದು ಸಾಲು ಹೋಟೆಲು ಬಿಟ್ಟರೆ ಇನ್ನೇನಕ್ಕೂ ಜಾಗವಿಲ್ಲದಷ್ಟು ಕಿರಿದು. ಮಾಯಾ ಭಾಷೆಯಲ್ಲಿ ‘ಹಾವುಗಳ ಗೂಡು’ ಎಂಬುದು ಈ ಹೆಸರಿನ ಅರ್ಥ ಎನ್ನುತ್ತಾರೆ. ನಾವು ಹೋದಾಗ ಹಾವು ಕಾಣಲಿಲ್ಲ, ಬಿಸಿಲು ಕಾಯಿಸುವ ಉಡಗಳಂಥ ಇಗ್ವಾನಾಗಳು ಮಾತ್ರ ಧಾರಾಳವಾಗಿ ಕಂಡವು.

ಮಗಳ ಸಂಸಾರ ಅಮೆರಿಕದ ಹ್ಯೂಸ್ಟನ್‌ನಲ್ಲಿದೆ. 2024ರ ಡಿಸೆಂಬರಿನಲ್ಲಿ ನಾನು ಮತ್ತು ನಮ್ಮ ಯಜಮಾನರು ಅಲ್ಲಿದ್ದೆವು. ಮೊಮ್ಮಗಳಿಗೆ ಕ್ರಿಸ್‌ಮಸ್ ರಜೆ. ಅಮೆರಿಕದ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೋಗೆ ಪ್ರತ್ಯೇಕ ವೀಸಾ ಬೇಕಿಲ್ಲ, ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ ಹಾದಿ. “ಅಮ್ಮ, ನೀವಿಬ್ಬರೂ ಸುಮ್ಮನೆ ಐದು ದಿನ ಸಮುದ್ರ ನೋಡುತ್ತಾ ಕೂತಿರಿ” ಎಂದು ಮಗಳು ಕರೆದುಕೊಂಡು ಹೋದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದ ನನಗೆ ಸುಮ್ಮನೆ ಕೂರುವುದು ಎರಡನೇ ದಿನಕ್ಕೇ ಕಷ್ಟವಾಯಿತು. ಹನ್ನೆರಡು ವರ್ಷದ ಮೊಮ್ಮಗಳು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಅವಳೇ ನನ್ನ ದುಭಾಷಿಯಾದಳು.

ಬ್ಯಾಂಕಿನವರು ಹುಡುಕಿದ ಊರು

ಊರುಗಳು ಹುಟ್ಟುವುದು ಹೊಳೆಯ ದಡದಲ್ಲಿ, ಕೋಟೆಯ ಸುತ್ತ, ಸಂತೆಯ ಮಾಳದಲ್ಲಿ ಎಂದು ನಾನು ಮಕ್ಕಳಿಗೆ ಪಾಠ ಹೇಳಿದ್ದೆ. ಕ್ಯಾನ್‌ಕುನ್ ಹುಟ್ಟಿದ್ದು ಬ್ಯಾಂಕಿನ ಮೇಜಿನ ಮೇಲೆ. 1960ರ ದಶಕದ ಕೊನೆಯಲ್ಲಿ ಮೆಕ್ಸಿಕೋಗೆ ವಿದೇಶಿ ವಿನಿಮಯದ ಕೊರತೆ. ಡಾಲರ್ ತರಲು ಏನು ಮಾಡಬಹುದು ಎಂದು ಯೋಚಿಸಿದ ಆ ದೇಶದ ಕೇಂದ್ರ ಬ್ಯಾಂಕಿನ ಅಧಿಕಾರಿಗಳು ಬಿಸಿಲು, ಬಿಳಿ ಮರಳು, ನೀಲಿ ನೀರು ಮೂರೂ ಇರುವ ಜಾಗಗಳನ್ನು ಹುಡುಕತೊಡಗಿದರು. ಮಳೆ ಎಷ್ಟು, ನೀರಿನ ಬಿಸಿ ಎಷ್ಟು, ಅಮೆರಿಕದಿಂದ ವಿಮಾನಕ್ಕೆ ಎಷ್ಟು ಹೊತ್ತು ಎಂದೆಲ್ಲ ಲೆಕ್ಕ ಹಾಕಿದರು. ಆಂಟೋನಿಯೊ ಎನ್ರಿಕೆಸ್ ಸವಿನ್ಯಾಕ್ ಎಂಬ ಅಧಿಕಾರಿ ಈ ಯೋಜನೆಯ ಮುಂದಾಳು. ಆತ ಮುಂದೆ ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ಮುಖ್ಯಸ್ಥರೂ ಆದರು.

ಆಗ ಈ ಮರಳಪಟ್ಟಿಯ ಮೇಲೆ ಇದ್ದದ್ದು ತೆಂಗಿನ ತೋಟ ಕಾಯುವ ಬೆರಳೆಣಿಕೆಯ ಜನ. ಎದುರಿನ ದಡದಲ್ಲಿ ಪೋರ್ತೊ ಹುವಾರೆಸ್ ಎಂಬ ಪುಟ್ಟ ಮೀನುಗಾರರ ಹಳ್ಳಿ. ಅದಕ್ಕೂ ಐನೂರು ವರ್ಷ ಹಿಂದೆ ಇಲ್ಲಿ ಮಾಯಾ ಜನರ ಊರೇ ಇತ್ತು. ಹೋಟೆಲುಗಳ ನಡುವೆ ಎಲ್ ರೇ ಎಂಬಲ್ಲಿ ಅವರ ಕಲ್ಲಿನ ಕಟ್ಟೆಗಳು, ಕಂಬಗಳು ಈಗಲೂ ಉಳಿದಿವೆ. 1970ರ ಏಪ್ರಿಲ್ 20ನ್ನು ಊರಿನ ಹುಟ್ಟುಹಬ್ಬವೆಂದು ಆಚರಿಸುತ್ತಾರೆ. ಮರುವರ್ಷ ಅಂತರ ಅಮೆರಿಕ ಅಭಿವೃದ್ಧಿ ಬ್ಯಾಂಕು 2 ಕೋಟಿ ಡಾಲರಿಗೂ ಹೆಚ್ಚು ಸಾಲ ಕೊಟ್ಟಿತು. 1974-75ರ ಹೊತ್ತಿಗೆ ಮೊದಲ ಹೋಟೆಲುಗಳು ಬಾಗಿಲು ತೆರೆದವು. ಅದುವರೆಗೆ ಕೇಂದ್ರಾಡಳಿತ ಪ್ರದೇಶವಾಗಿದ್ದ ಕಿಂತಾನಾ ರೂ 1974ರ ಅಕ್ಟೋಬರಿನಲ್ಲಿ ರಾಜ್ಯವಾಯಿತು.

ಇಂದಿನ ಲೆಕ್ಕ ನೋಡಿ. 1970ರಲ್ಲಿ ಇಡೀ ಕಿಂತಾನಾ ರೂನಲ್ಲಿ ಇದ್ದವರು ಸುಮಾರು 88 ಸಾವಿರ ಜನ. 2020ರ ಜನಗಣತಿಯಲ್ಲಿ 18.5 ಲಕ್ಷಕ್ಕೂ ಹೆಚ್ಚು. ಕ್ಯಾನ್‌ಕುನ್ ನಗರವೊಂದರಲ್ಲೇ 8.88 ಲಕ್ಷ. 2023ರಲ್ಲಿ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಓಡಾಡಿದ ಪ್ರಯಾಣಿಕರು 3 ಕೋಟಿಗೂ ಹೆಚ್ಚು. ಐವತ್ತು ವರ್ಷದಲ್ಲಿ ಹೀಗೆ ಬೆಳೆದ ಊರು ಜಗತ್ತಿನಲ್ಲಿ ಹೆಚ್ಚಿಲ್ಲ.

ಗಡಿಯಾರವೂ ಬದಲಾಯಿತು

ಊರೇನು, ಇಲ್ಲಿ ಹೊತ್ತನ್ನೇ ಪ್ರವಾಸಿಗರಿಗಾಗಿ ಬದಲಾಯಿಸಿದ್ದಾರೆ. 2015ರ ಫೆಬ್ರುವರಿಯಲ್ಲಿ ಕಿಂತಾನಾ ರೂ ರಾಜ್ಯ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡಿತು. ಪಕ್ಕದ ಯುಕಟಾನ್ ರಾಜ್ಯದಲ್ಲಿ ಬೆಳಿಗ್ಗೆ ಆರಾಗಿದ್ದರೆ ಇಲ್ಲಿ ಏಳು. ಕಾರಣ ಸರಳ. ಪ್ರವಾಸಿಗರಿಗೆ ಸಂಜೆಯ ಬಿಸಿಲು ಒಂದು ಗಂಟೆ ಹೆಚ್ಚು ಸಿಗಬೇಕು. ಸಂಜೆ ಬೆಳಕಿದ್ದರೆ ಜನ ಹೊರಗೆ ಓಡಾಡುತ್ತಾರೆ, ಖರ್ಚು ಮಾಡುತ್ತಾರೆ.

ಒಂದು ಕಡೆ ಎಳೆದ ಚಾದರ ಇನ್ನೊಂದು ಕಡೆ ಮೋಟಾಗಬೇಕಲ್ಲ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆ ದಾಟಿರುತ್ತದೆ. ಏಳಕ್ಕೆ ಶಾಲೆ ಶುರುವಾದರೆ ಮಕ್ಕಳು ನಕ್ಷತ್ರ ನೋಡುತ್ತಲೇ ಮನೆ ಬಿಡಬೇಕು. ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳು, “ಅಜ್ಜೀ, ಹಾಗಾದರೆ ನಮ್ಮ ಸಂಜೆಯ ಬೆಳಕು ಅವರ ಬೆಳಗಿನದು” ಎಂದಳು. ಭೂಗೋಳದ ಮೇಷ್ಟ್ರು ಬೇರೆ ವಿವರಣೆ ಕೊಡುವ ಅಗತ್ಯ ಬೀಳಲಿಲ್ಲ.

ಕತ್ತಲೆಯ ಬಸ್ಸು

ನನಗೆ ಬೆಳಗಿನ ಐದಕ್ಕೇ ಎಚ್ಚರವಾಗುತ್ತದೆ. ಹೋಟೆಲಿನ ಬಾಲ್ಕನಿಯಿಂದ ಕೆಳಗಿನ ರಸ್ತೆ ಕಾಣುತ್ತಿತ್ತು. ಕುಕುಲ್ಕಾನ್ ಬುಲೆವಾರ್ಡ್ ಎಂದು ಅದರ ಹೆಸರು. ದ್ವೀಪದ ಆ ತುದಿಯಿಂದ ಈ ತುದಿಗೆ ಇರುವುದೇ ಇದೊಂದು ಹೆದ್ದಾರಿ. ವಿಳಾಸವನ್ನೂ ‘ಇಷ್ಟನೇ ಕಿಲೋಮೀಟರ್’ ಎಂದೇ ಹೇಳುತ್ತಾರೆ. ಆ ಕತ್ತಲಲ್ಲಿ ಬಸ್ಸಿನ ಹಿಂದೆ ಬಸ್ಸು. ಪ್ರತಿಯೊಂದು ಹೋಟೆಲಿನ ಮುಂದೆ ಒಂದಿಷ್ಟು ಜನರನ್ನು ಇಳಿಸಿ ಮುಂದೆ ಹೋಗುತ್ತಿದ್ದವು. ಇಳಿದವರು ಮುಂಬಾಗಿಲಿಗೆ ಬರದೆ ಪಕ್ಕದ ಓಣಿಯಲ್ಲಿ ಮಾಯವಾಗುತ್ತಿದ್ದರು. ಅರ್ಧ ಗಂಟೆಯ ಬಳಿಕ ಅವರಲ್ಲೇ ಕೆಲವರು ಸಮವಸ್ತ್ರ ತೊಟ್ಟು ಮರಳು ಹರಗುತ್ತಾ, ಕುರ್ಚಿ ಜೋಡಿಸುತ್ತಾ ಕಂಡರು. ಬೇಸಗೆಯಲ್ಲಿ ಇವರಿಗೆ ಇನ್ನೊಂದು ಕೆಲಸವಿದೆ. ಸಾರ್ಗಾಸೊ ಎಂಬ ಕಂದು ಪಾಚಿ ಅಲೆಗಳ ಜತೆ ರಾಶಿರಾಶಿ ಬಂದು ದಡಕ್ಕೆ ಬೀಳುತ್ತದೆ. ಕೊಳೆತು ನಾರುವ ಮುಂಚೆ ಅದನ್ನು ಎತ್ತಿ ಹಾಕಬೇಕು.

ನಮ್ಮ ಹೋಟೆಲು ‘ಎಲ್ಲವೂ ಒಳಗೊಂಡ’ ಬಗೆಯದು. ಮೊದಲೇ ದುಡ್ಡು ಕಟ್ಟಿ ಕೈಗೊಂದು ಪಟ್ಟಿ ಕಟ್ಟಿಸಿಕೊಂಡರೆ ಮುಗಿಯಿತು. ತಿಂಡಿ, ಊಟ, ಜ್ಯೂಸು, ಸಂಜೆಯ ಹಾಡು ಕುಣಿತ ಎಲ್ಲ ಒಳಗೇ. ಜೇಬಿಗೆ ಕೈಹಾಕುವುದೇ ಬೇಡ. ಅನುಕೂಲವೇನೋ ನಿಜ. ಆದರೆ ಹೊರಗಿನ ಅಂಗಡಿಯವನಿಂದ ಒಂದು ಬಾಳೆಹಣ್ಣನ್ನೂ ಕೊಳ್ಳದೆ ಐದು ದಿನ ಕಳೆದು ಹೋಗಬಹುದು. ಎಷ್ಟೋ ಮಂದಿ ಹಾಗೆಯೇ ಹೋಗುತ್ತಾರೆ. ಮೂವತ್ತು ಸಾವಿರಕ್ಕೂ ಹೆಚ್ಚು ಕೋಣೆಗಳಿರುವ ಊರಿನಲ್ಲಿ ಹಣ ಬರುವುದು ಹೊಳೆಯಂತೆ. ಅದು ಯಾವ ಕಾಲುವೆಯಲ್ಲಿ ಎಲ್ಲಿಗೆ ಹರಿಯುತ್ತದೆ ಎಂಬುದೇ ಪ್ರಶ್ನೆ.

ಮೂರನೇ ದಿನ ನಾನೂ ಮೊಮ್ಮಗಳೂ ಬಸ್ಸು ಹಿಡಿದೆವು. ಆರ್-1, ಆರ್-2 ಎಂಬ ಬಸ್ಸುಗಳು ಹೋಟೆಲು ಸಾಲಿನಿಂದ ಊರಿನೊಳಕ್ಕೆ ಓಡಾಡುತ್ತಲೇ ಇರುತ್ತವೆ. ನಮ್ಮ ಸಿಟಿ ಬಸ್ಸಿನ ಹಾಗೇ ನೂಕುನುಗ್ಗಲು, ಡ್ರೈವರ್ ಪಕ್ಕದಲ್ಲಿ ಮಾತೆ ಮರಿಯಳ ಚಿತ್ರ, ಜೋರು ಹಾಡು. ರಾತ್ರಿ ಪಾಳಿ ಮುಗಿಸಿದ ಹುಡುಗನೊಬ್ಬ ನಿಂತೇ ನಿದ್ದೆ ಮಾಡುತ್ತಿದ್ದ. ನನ್ನ ಬಿಳಿಕೂದಲು ನೋಡಿ ಒಬ್ಬ ಹೆಂಗಸು ಎದ್ದು ಸೀಟು ಬಿಟ್ಟುಕೊಟ್ಟಳು.

ಸೂಪರ್‌ಮಾನ್ಸಾನಾ ಎಂಬ ಬಡಾವಣೆ

ಹೋಟೆಲುಗಳಿಗೆ ದ್ವೀಪ, ಕೆಲಸಗಾರರಿಗೆ ಒಳನಾಡಿನಲ್ಲಿ ಒಂದು ಊರು. ಇದು ಮೊದಲ ನಕ್ಷೆಯಲ್ಲೇ ಇದ್ದ ವಿಂಗಡಣೆ. ಊರನ್ನೇನೂ ಕಾಟಾಚಾರಕ್ಕೆ ಕಟ್ಟಲಿಲ್ಲ. ‘ಸೂಪರ್‌ಮಾನ್ಸಾನಾ’ ಎಂಬ ದೊಡ್ಡ ದೊಡ್ಡ ಚೌಕಗಳು. ಒಳಗೆ ಬಳಸಿ ಬರುವ ಸಣ್ಣ ಬೀದಿಗಳು, ನಡುವೆ ಪಾರ್ಕು, ಹತ್ತಿರದಲ್ಲೇ ಶಾಲೆ, ಮಾರುಕಟ್ಟೆ. ವಾಹನಗಳ ಗದ್ದಲ ಹೊರಗಿನ ದೊಡ್ಡ ರಸ್ತೆಗಷ್ಟೇ. ತುಲುಮ್ ಅವೆನ್ಯೂ ಎಂಬ ಮುಖ್ಯ ರಸ್ತೆಯ ಅಕ್ಕಪಕ್ಕದಲ್ಲಿ ಆ ಹಳೆಯ ಚೌಕಗಳು ಇಂದಿಗೂ ಮರಗಳ ನೆರಳಲ್ಲಿ ತಣ್ಣಗಿವೆ. ಸಂಜೆ ಪಾರ್ಕೆ ದೆ ಲಾಸ್ ಪಾಲಾಪಾಸ್ ಎಂಬ ಬಯಲಿನಲ್ಲಿ ಜಾತ್ರೆಯೋ ಜಾತ್ರೆ. ಸುಟ್ಟ ಜೋಳದ ತೆನೆ, ಮಾರ್ಕೆಸಿತಾ ಎಂಬ ಗರಿಗರಿ ಸುರುಳಿ, ಮಕ್ಕಳ ಆಟದ ಕಾರು.

ನಕ್ಷೆ ಹಾಕಿದವರು ಒಂದು ಎಣಿಕೆಯಲ್ಲಿ ಹಿಂದೆ ಬಿದ್ದರು. ಒಂದು ಹೋಟೆಲು ಕಟ್ಟಲು ಗಾರೆ ಕೆಲಸದವರು ಬೇಕು. ಕಟ್ಟಿದ ಮೇಲೆ ಗುಡಿಸಲು, ಒಗೆಯಲು, ಬಡಿಸಲು ಜನ ಬೇಕು. ಆ ಜನರಿಗೆ ರೊಟ್ಟಿ ಮಾರುವವರು, ಚಪ್ಪಲಿ ಹೊಲಿಯುವವರು ಬೇಕು. ಯುಕಟಾನ್, ತಬಾಸ್ಕೊ, ಚಿಯಾಪಾಸ್ ರಾಜ್ಯಗಳ ಹಳ್ಳಿಗಳಿಂದ ಜನ ಬರುತ್ತಲೇ ಹೋದರು. ಚೌಕಗಳಲ್ಲಿ ಸೈಟು ಕೊಳ್ಳಲು ಶಕ್ತಿಯಿಲ್ಲದವರು ಉತ್ತರದ ಕಾಡಿನಲ್ಲಿ ಗುಡಿಸಲು ಹಾಕಿಕೊಂಡರು. ಮೊದಲನೇ ಹೋಟೆಲು ಏಳುವ ಹೊತ್ತಿಗಾಗಲೇ ನಕ್ಷೆಯಲ್ಲಿಲ್ಲದ ಊರು ನಕ್ಷೆಯೊಳಗಿನ ಊರಿನ ಬೆನ್ನಿಗೆ ಬೆಳೆದಿತ್ತು.

ರೊಟ್ಟಿ, ಸುಣ್ಣ ಮತ್ತು ಸಪೋಟ

‘ಮೆರ್ಕಾದೊ 23’ ಊರಿನವರ ಮಾರುಕಟ್ಟೆ. ಇದರಲ್ಲಿ ಕಾಲಿಟ್ಟ ಕೂಡಲೇ ನನಗೆ ಯಾರದೋ ನೆಂಟರ ಮನೆಗೆ ಬಂದಂತಾಯಿತು. ಒಣ ಮೆಣಸಿನಕಾಯಿಯ ಘಾಟು, ಟೊಮೇಟೊ, ಪಪ್ಪಾಯಿ, ಸೀಬೆ, ಮೆಕ್ಕೆಜೋಳ. ಇವೆಲ್ಲ ಈ ಸೀಮೆಯಿಂದ ಹೊರಟು ಹಡಗು ಹತ್ತಿ ನಮ್ಮ ಅಡುಗೆಮನೆ ಸೇರಿದವು. ಒಂದು ಬುಟ್ಟಿಯಲ್ಲಿ ನಮ್ಮ ಸಪೋಟ! ಅದರ ತೌರೂರೇ ಈ ಯುಕಟಾನ್ ಕಾಡು. ಹೋಟೆಲುಗಳು ಬರುವ ಮುಂಚೆ ಇಲ್ಲಿನವರ ಕೈಗೆ ಕಾಸು ಬರುತ್ತಿದ್ದದ್ದು ಇದೇ ಮರದಿಂದ. ಮಳೆಗಾಲದಲ್ಲಿ ಕಾಂಡಕ್ಕೆ ಅಂಕುಡೊಂಕಾಗಿ ಕಚ್ಚು ಹಾಕಿ ಹಾಲು ಇಳಿಸುತ್ತಿದ್ದರು. ಅದನ್ನು ಕುದಿಸಿ ಗಟ್ಟಿ ಮಾಡಿದರೆ ಚಿಕ್ಲೆ. ಅಮೆರಿಕದ ಮಕ್ಕಳು ಜಗಿಯುತ್ತಿದ್ದ ಚೂಯಿಂಗ್ ಗಮ್ಮು ಅದರಿಂದ ಆಗುತ್ತಿತ್ತು. ಕೃತಕ ಅಂಟು ಬಂದ ಮೇಲೆ ಆ ಕಸುಬು ಬಹುಮಟ್ಟಿಗೆ ಬಿತ್ತು.

ಅಲ್ಲೊಬ್ಬ ಅಜ್ಜಿ ಟೋರ್ಟಿಯಾ ಬೇಯಿಸುತ್ತಿದ್ದರು. ಜೋಳವನ್ನು ರಾತ್ರಿಯೇ ಸುಣ್ಣದ ನೀರಿನಲ್ಲಿ ಕುದಿಸಿ ನೆನೆಹಾಕಿ, ತೊಳೆದು, ರುಬ್ಬಿ ಮಾಡುವ ರೊಟ್ಟಿ. ಸುಣ್ಣ ಹಾಕಿದರೆ ಸಿಪ್ಪೆ ಬಿಡುತ್ತದೆ, ಜೋಳದ ಸತ್ವವೂ ಮೈಗೆ ಹತ್ತುತ್ತದೆ. ನಾನು ಕೈಯಲ್ಲಿ ರೊಟ್ಟಿ ತಟ್ಟುವ ಹಾಗೆ ಮಾಡಿ ತೋರಿಸಿದೆ. ಅಜ್ಜಿ ನಕ್ಕು ಒಂದು ಉಂಡೆ ಹಿಟ್ಟು ನನ್ನ ಕೈಗೇ ಕೊಟ್ಟರು. ಅಲ್ಲಿಂದ ಮಾತು ಬೆಳೆಯಿತು. ಮೊಮ್ಮಗಳ ಸ್ಪ್ಯಾನಿಷ್ ಸಾಲದೆ ಹೋದಾಗ ಕೈಸನ್ನೆ.

ಅಜ್ಜಿಯ ಮನೆಮಾತು ಮಾಯಾ. ವಾಯಾದೊಲಿದ್ ಕಡೆಯ ಹಳ್ಳಿಯಿಂದ ಗಂಡನ ಜತೆ ಬಂದು ನಲವತ್ತು ವರ್ಷ ದಾಟಿದೆ. ಗಂಡ ಗಾರೆ ಕೆಲಸ ಮಾಡುತ್ತಿದ್ದರು. ಮರದ ಗೂಟ, ಡಾಂಬರು ಬಳಿದ ರಟ್ಟಿನ ಹಾಳೆಯ ಸೂರು, ಎರಡು ಜೋಲಿ. ಇಷ್ಟೇ ಅವರ ಮೊದಲ ಮನೆ. “ಸೆನೋರಾ, ನಾವು ಎತ್ತರದ ಗೋಡೆ ಕಟ್ಟುತ್ತಿದ್ದೆವು, ನಮ್ಮ ಮನೆಗೆ ಗೋಡೆ ಇರಲಿಲ್ಲ” ಎಂದರು. ದೂರು ಹೇಳಿದಂತೆ ಇರಲಿಲ್ಲ, ಹಳೆಯ ತಮಾಷೆ ನೆನಪಿಸಿಕೊಂಡಂತೆ ಇತ್ತು. 1988ರ ಸೆಪ್ಟೆಂಬರಿನಲ್ಲಿ ಗಿಲ್ಬರ್ಟ್ ಎಂಬ ಮಹಾ ಚಂಡಮಾರುತ ಬಂದಾಗ ಸೂರು ಹಾರಿಹೋಯಿತು. ಮನೆಯವರೆಲ್ಲ ಶಾಲೆಯಲ್ಲಿ ಮಲಗಿದರಂತೆ. ಗಂಡ ಮರುವಾರವೇ ಹೋಟೆಲಿನ ಗಾಜು ಬದಲಿಸುವ ಕೆಲಸಕ್ಕೆ ಹೋದರಂತೆ. ಮನೆಗೆ ಸರಿಯಾದ ಮಾಡು ಬಿದ್ದದ್ದು ಎರಡು ವರ್ಷದ ಮೇಲೆ.

ಜೋಲಿ ಕೊಳ್ಳಲು ಹೋದದ್ದು

ಯುಕಟಾನಿನ ಮನೆಗಳಲ್ಲಿ ಮಂಚಕ್ಕಿಂತ ಜೋಲಿಯೇ ಹೆಚ್ಚು. ಗೋಡೆಗೆ ಕೊಕ್ಕೆ ಇಟ್ಟೇ ಮನೆ ಕಟ್ಟುತ್ತಾರೆ. ನನಗೊಂದು ಜೋಲಿ ಬೇಕೆಂದಾಗ ಅಜ್ಜಿ, “ಅಂಗಡಿಯಲ್ಲಿ ಕೊಳ್ಳಬೇಡಿ, ನನ್ನ ಮಗಳ ಮನೆಗೆ ಬನ್ನಿ, ನನ್ನ ತಂಗಿ ಅಲ್ಲೇ ನೇಯುತ್ತಾಳೆ” ಎಂದರು. ಮಗಳೂ ಅಳಿಯನೂ ಮೊದಲು ಹಿಂದೆಮುಂದೆ ನೋಡಿ, ಆಮೇಲೆ ತಾವೂ ಹೊರಟರು. ‘ಕೋಂಬಿ’ ಎಂಬ ಸಣ್ಣ ವ್ಯಾನಿನಲ್ಲಿ ಇಕ್ಕಟ್ಟಾಗಿ ಕೂತು ಉತ್ತರಕ್ಕೆ ಹೋದೆವು.

ಹಳೆಯ ಚೌಕಗಳು ಮುಗಿದ ಮೇಲೆ ‘ರೆಹಿಯೋನ್’ಗಳು ಶುರು. ಇವಕ್ಕೆ ಹೆಸರಿಲ್ಲ, ಬರೀ ನಂಬರು. ಒಂದೇ ಅಳತೆಯ ಪುಟ್ಟ ಪುಟ್ಟ ಸಿಮೆಂಟಿನ ಮನೆಗಳು, ಸಾಲು ಸಾಲು. ನೆರಳಿಗೆ ಮರ ಕಡಿಮೆ. ಪ್ರತಿ ಸೂರಿನ ಮೇಲೆ ನಮ್ಮೂರಿನಂತೆಯೇ ಕಪ್ಪು ನೀರಿನ ಟ್ಯಾಂಕು. ಇನ್ನೂ ಮುಂದೆ ಹೋದರೆ ಡಾಂಬರು ನಿಲ್ಲುತ್ತದೆ. ಹಕ್ಕುಪತ್ರವಿಲ್ಲದ ಮನೆಗಳಿಗೆ ಕೊಳಾಯಿ ಇಲ್ಲ, ಟ್ಯಾಂಕರಿನ ನೀರೇ ಗತಿ. ಯುಕಟಾನಿನ ನೆಲ ಸುಣ್ಣಕಲ್ಲು. ಮೇಲೆ ಹರಿಯುವ ಹೊಳೆಯೇ ಇಲ್ಲ. ಬಿದ್ದ ಮಳೆಯೆಲ್ಲ ಜರಡಿಯಲ್ಲಿ ಇಳಿದಂತೆ ಇಳಿದು ನೆಲದೊಳಗಿನ ಗುಹೆಗಳನ್ನು ಸೇರುತ್ತದೆ. ಆ ಗುಹೆಗಳ ಮಾಡು ಕುಸಿದಲ್ಲಿ ಸೆನೋಟೆ ಎಂಬ ಸುಂದರ ಕೊಳಗಳು. ಪ್ರವಾಸಿಗರು ಟಿಕೆಟ್ಟು ಕೊಟ್ಟು ಅಲ್ಲಿ ಈಜುತ್ತಾರೆ. ಚರಂಡಿ ಇಲ್ಲದ ಬಡಾವಣೆಯ ಕೊಳಕೂ ಅದೇ ಜರಡಿಯಲ್ಲಿ ಇಳಿದು ಅದೇ ನೀರನ್ನು ಸೇರಬಲ್ಲದು ಎಂಬುದನ್ನು ಯಾವ ಪ್ರವಾಸಿ ಕೈಪಿಡಿಯೂ ದೊಡ್ಡಕ್ಷರದಲ್ಲಿ ಹಾಕುವುದಿಲ್ಲ.

ಅಜ್ಜಿಯ ಮಗಳು ಹೋಟೆಲೊಂದರಲ್ಲಿ ಕೋಣೆ ಶುಚಿ ಮಾಡುವ ಕೆಲಸದವಳು. ಆ ದಿನ ಅವಳಿಗೆ ವಾರದ ರಜೆ. ದಿನಕ್ಕೆ ಹದಿನಾಲ್ಕು ಹದಿನೈದು ಕೋಣೆ. 2024ರಲ್ಲಿ ಮೆಕ್ಸಿಕೋದ ಕನಿಷ್ಠ ದಿನಗೂಲಿ ಸುಮಾರು 249 ಪೆಸೊ, ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ. ಇವಳಿಗೆ ಅದಕ್ಕಿಂತ ಹೆಚ್ಚು ಬರುತ್ತದೆ, ಟಿಪ್ಸ್ ಬಂದರೆ ಇನ್ನಷ್ಟು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಪ್ರವಾಸಿಗರು ಕಡಿಮೆಯಾದಾಗ ಸಂಬಳವಿಲ್ಲದೆ ಮನೆಯಲ್ಲಿ ಕೂರುವುದೂ ಉಂಟು. 2020ರಲ್ಲಿ ಕೊರೋನಾ ಬಂದು ಹೋಟೆಲುಗಳು ಮುಚ್ಚಿದಾಗ ಕೆಲವು ತಿಂಗಳು ಅಮ್ಮನ ಟೋರ್ಟಿಯಾವೇ ಇಡೀ ಮನೆಯನ್ನು ಸಾಕಿತಂತೆ. “ಊರಿಗೆ ವಾಪಸು ಹೋಗುವ ಮನಸ್ಸಾಗಲಿಲ್ಲವೇ?” ಎಂದು ಕೇಳಿಸಿದೆ. ಅವಳು ತಲೆಯಾಡಿಸಿದಳು. ಹಳ್ಳಿಯಲ್ಲಿದ್ದಿದ್ದರೆ ತಾನು ಆರನೇ ಕ್ಲಾಸಿಗೆ ಶಾಲೆ ಬಿಡುತ್ತಿದ್ದೆ, ಇಲ್ಲಿ ಹೈಸ್ಕೂಲು ಮುಗಿಸಿದೆ, ದೊಡ್ಡ ಮಗ ಕಾಲೇಜಿಗೆ ಹೋಗುತ್ತಾನೆ ಎಂದಳು. ಕ್ಯಾನ್‌ಕುನ್‌ ಬಗ್ಗೆ ಬರೆಯುವವರು ಈ ಮಾತನ್ನೂ ಬರೆಯಬೇಕು. ಈ ಊರು ಲಕ್ಷಾಂತರ ಮನೆಗಳ ಒಲೆ ಉರಿಸಿದೆ. ಒಲೆಯ ಬಿಸಿ ಯಾರಿಗೆ ಎಷ್ಟು ಎಂಬ ಪಾಲಿನಲ್ಲಿ ಮಾತ್ರ ಬಹಳ ವ್ಯತ್ಯಾಸ.

ಅವಳ ಚಿಕ್ಕ ಮಗನಿಗೆ ಒಂಬತ್ತು ವರ್ಷ. ಕಾರ್ಟೂನಿನ ವಿಷಯದಲ್ಲಿ ಅವನಿಗೂ ನಮ್ಮ ಮೊಮ್ಮಗಳಿಗೂ ಐದೇ ನಿಮಿಷದಲ್ಲಿ ದೋಸ್ತಿಯಾಯಿತು. “ನೀನು ದಿನಾ ಸಮುದ್ರಕ್ಕೆ ಹೋಗುತ್ತೀಯಾ?” ಎಂದು ಇವಳು ಕೇಳಿದಳು. ಅವನು ಬೆರಳು ಮಡಿಸಿ ಎಣಿಸಿದ. ಈ ವರ್ಷ ಎರಡು ಸಲ. ಈಸ್ಟರ್ ವಾರದಲ್ಲಿ ಒಮ್ಮೆ, ಹುಟ್ಟುಹಬ್ಬಕ್ಕೆ ಒಮ್ಮೆ. ಮನೆಯಲ್ಲಿ ಐದು ಜನ. ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಮೊಮ್ಮಗಳು ನಮ್ಮ ಟಿಕೆಟ್ಟು ತೆಗೆದು ಬಾಯಿಲೆಕ್ಕ ಹಾಕಿದಳು. ಇಪ್ಪತ್ತು ಟಿಕೆಟ್ಟು. ಒಂದು ದಿನದ ಕನಿಷ್ಠ ಕೂಲಿಯ ಹತ್ತಿರಕ್ಕೆ ಬಂತು. ಅವಳು ಮತ್ತೇನೂ ಕೇಳಲಿಲ್ಲ.

ಜೋಲಿ ಕೊಂಡೆವು. ನೀಲಿ, ಹಸಿರು ದಾರದ್ದು. ಅಜ್ಜಿಯ ತಂಗಿ ಎರಡು ವಾರ ಕೂತು ನೇಯ್ದದ್ದು. ಚೌಕಾಸಿಯಲ್ಲಿ ಎತ್ತಿದ ಕೈಯಾದ ನಮ್ಮ ಯಜಮಾನರು ಅಂದು ಹೇಳಿದಷ್ಟು ಎಣಿಸಿ ಕೊಟ್ಟರು.

ಸಮುದ್ರ ಯಾರದು?

ಕಾನೂನಿನ ಪ್ರಕಾರ ಮೆಕ್ಸಿಕೋದ ಕಡಲತೀರವೆಲ್ಲ ದೇಶದ ಸೊತ್ತು. ಯಾವ ಹೋಟೆಲಿಗೂ ಸ್ವಂತ ದಡವಿಲ್ಲ. ದಡಕ್ಕೆ ಹೋಗುವ ದಾರಿ ತಡೆದವರಿಗೆ ದಂಡ ಹಾಕುವ ತಿದ್ದುಪಡಿಯೂ 2020ರಲ್ಲಿ ಬಂತು. ಆದರೆ ಕಿಲೋಮೀಟರುಗಟ್ಟಲೆ ಹೋಟೆಲು ಒಂದಕ್ಕೊಂದು ಭುಜ ತಾಗಿಸಿ ನಿಂತಿರುವಾಗ ದಡವನ್ನು ಮುಟ್ಟುವುದು ಎಲ್ಲಿಂದ? ಅಲ್ಲಲ್ಲಿ ಒಂದು ಕಿರುದಾರಿ ಬಿಟ್ಟಿದ್ದಾರೆ. ಹುಡುಕಿ ಹೋಗಬೇಕು. ದ್ವೀಪದ ದಕ್ಷಿಣದಲ್ಲಿ, ಎಲ್ ರೇ ಅವಶೇಷಗಳ ಎದುರು, ಪ್ಲಾಯಾ ದೆಲ್ಫಿನೆಸ್ ಎಂಬ ದಡ ಮಾತ್ರ ಕಟ್ಟಡಗಳ ಅಡ್ಡಿಯಿಲ್ಲದೆ ರಸ್ತೆಗೇ ತೆರೆದುಕೊಂಡಿದೆ. ಭಾನುವಾರ ಅಲ್ಲಿ ಊರಿಗೆ ಊರೇ ಸೇರುತ್ತದೆ. ಪಾತ್ರೆಗಟ್ಟಲೆ ಅಡುಗೆ, ಛತ್ರಿ, ಅಜ್ಜ ಅಜ್ಜಿ, ಕೈಗೂಸು. ನಮ್ಮ ಹೋಟೆಲಿನ ದಡದಲ್ಲಿ ಕಾಣದ ಒಂದು ಗಲಾಟೆ, ಒಂದು ಕಳೆ ಅಲ್ಲಿತ್ತು.

ದಡವನ್ನು ಹಂಚಿಕೊಳ್ಳದ ಹೋಟೆಲುಗಳಿಗೆ ದಡವೇ ಕೈಕೊಟ್ಟ ಕತೆಯೂ ಇದೆ. 2005ರ ಅಕ್ಟೋಬರಿನಲ್ಲಿ ವಿಲ್ಮಾ ಎಂಬ ಚಂಡಮಾರುತ ಒಂದು ದಿನಕ್ಕೂ ಹೆಚ್ಚು ಕಾಲ ಇಲ್ಲೇ ಠಿಕಾಣಿ ಹೂಡಿತು. ಅದು ಹೋಗುವಾಗ ಬಿಳಿ ಮರಳನ್ನೂ ಬಳಿದುಕೊಂಡು ಹೋಯಿತು. ಹೋಟೆಲಿನ ಮೆಟ್ಟಿಲ ಕೆಳಗೆ ಬರೀ ಕಲ್ಲು. ಸಮುದ್ರದ ತಳದಿಂದ ಲಕ್ಷಾಂತರ ಘನ ಮೀಟರ್ ಮರಳನ್ನು ಹೀರಿ ತಂದು 2006ರಲ್ಲಿ ದಡ ಕಟ್ಟಿದರು. ಅದೂ ಕೊಚ್ಚಿಹೋಗಿ, 2010ರ ಸುಮಾರಿಗೆ ಮತ್ತೆ ಕಟ್ಟಿದರು. ಮರಳು ದಿಬ್ಬ ಎನ್ನುವುದು ಸಮುದ್ರದ ಉಳಿತಾಯ ಖಾತೆ ಇದ್ದ ಹಾಗೆ. ಬಿರುಗಾಳಿಯಲ್ಲಿ ತೆಗೆದದ್ದನ್ನು ಅಲೆ ನಿಧಾನವಾಗಿ ಹಿಂದಕ್ಕೆ ಕಟ್ಟುತ್ತದೆ. ದಿಬ್ಬದ ಮೇಲೇ ಹನ್ನೆರಡು ಅಂತಸ್ತು ಕಟ್ಟಿ ಕೂತರೆ ಖಾತೆಯೇ ಬಂದ್.

ಹಿನ್ನೀರಿನ ಕಡೆಯಲ್ಲಿ ಕಾಂಡ್ಲಾ ಕಾಡಿದೆ. ನೀರಿನಲ್ಲೇ ಬೇರೂರಿ ಗಾಳಿಯನ್ನೂ ಅಲೆಯನ್ನೂ ತಡೆಯುವ ಮರಗಳು. ಊರಿಗೆ ಹತ್ತಿರದ ತಾಹಾಮಾರ್ ಎಂಬಲ್ಲಿ ಅಂಗಡಿ, ಮನೆ, ಕಚೇರಿ ಕಟ್ಟುವ ಯೋಜನೆಗಾಗಿ 2016ರ ಜನವರಿಯ ಒಂದು ರಾತ್ರಿ ಪೊಲೀಸ್ ಕಾವಲಿನಲ್ಲಿ ಯಂತ್ರಗಳು ಬಂದು ಆ ಮರಗಳನ್ನು ನೆಲಸಮ ಮಾಡಿದವು. ಆ ಜಾಗದ ಪರವಾಗಿ ಊರಿನ ನೂರಕ್ಕೂ ಹೆಚ್ಚು ಮಕ್ಕಳ ಹೆಸರಿನಲ್ಲಿ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ಒಳ್ಳೆಯ ಪರಿಸರ ನಮ್ಮ ಹಕ್ಕು ಎಂಬುದು ಅವರ ವಾದ. ನ್ಯಾಯಾಲಯ ಕಾಮಗಾರಿಗೆ ತಡೆ ಕೊಟ್ಟಿತು. ಮೊಮ್ಮಗಳು ಇದನ್ನು ಕೇಳಿ, “ಮಕ್ಕಳು ಕೇಸು ಹಾಕಬಹುದಾ?” ಎಂದು ನಾಲ್ಕು ಸಲ ಕೇಳಿದಳು. ಹಾಕಬಹುದು ಪುಟ್ಟಿ, ದೊಡ್ಡವರು ಜತೆಗೆ ನಿಲ್ಲಬೇಕು ಅಷ್ಟೇ ಎಂದೆ.

ಹೋಗುವವರಿಗೆ ನಾಲ್ಕು ಮಾತು

ಕ್ಯಾನ್‌ಕುನ್ ಸಮುದ್ರದ ನೀಲಿಯನ್ನು ನಾನು ಬರೆದು ತೋರಿಸಲಾರೆ. ತಿಳಿನೀಲಿ, ಪಾಚಿಹಸಿರು, ಮತ್ತೆ ಕಡುನೀಲಿ ಎಂದು ಪಟ್ಟೆಪಟ್ಟೆಯಾಗಿ ಹರಡಿದ ನೀರು ನೋಡಲು ಹೋಗಲೇಬೇಕು. ಹೋದವರು ಒಂದು ದಿನವನ್ನಾದರೂ ಊರಿಗೆ ಕೊಡಿ. ಬಸ್ಸು ಸುರಕ್ಷಿತ, ಅಗ್ಗ, ರಾತ್ರಿಯವರೆಗೂ ಸಿಗುತ್ತದೆ. ಮೆರ್ಕಾದೊ 23ರಲ್ಲಿ ಬೆಳಗಿನ ತಿಂಡಿ ತಿನ್ನಿ. ಸಸ್ಯಾಹಾರಿಗಳು ಕಾಳಿನ ಪಲ್ಯದ ಜತೆ ಬಿಸಿ ಟೋರ್ಟಿಯಾ ಕೇಳಿ, ಹಂದಿಯ ಕೊಬ್ಬು ಹಾಕದ್ದು ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಆಬನೇರೊ ಮೆಣಸಿನಕಾಯಿ ಮುಟ್ಟುವ ಮುಂಚೆ ನಮ್ಮ ಬ್ಯಾಡಗಿಯನ್ನು ನೆನೆದುಕೊಂಡು ಮೋಸಹೋಗಬೇಡಿ, ಖಾರ ಬ್ರಹ್ಮರಂಧ್ರಕ್ಕೇರುತ್ತದೆ. ಮಾಯಾ ವಸ್ತುಸಂಗ್ರಹಾಲಯ ಹೋಟೆಲು ಸಾಲಿನಲ್ಲೇ ಇದೆ, ಮಕ್ಕಳಿಗೆ ಅರ್ಧ ದಿನಕ್ಕೆ ಸಾಕಾಗುವಷ್ಟು ನೋಡುವುದಿದೆ.

ಡಾಲರಿನ ಬದಲು ಪೆಸೊ ಚಿಲ್ಲರೆ ಇಟ್ಟುಕೊಳ್ಳಿ. ಕೋಣೆ ಶುಚಿ ಮಾಡುವವರಿಗೆ ಹೊರಡುವ ದಿನ ಒಟ್ಟಿಗೆ ಕೊಡುವುದಕ್ಕಿಂತ ದಿನವೂ ದಿಂಬಿನ ಮೇಲೆ ಇಡುವುದು ಮೇಲು. ದಿನವೂ ಬರುವವರು ಒಬ್ಬರೇ ಆಗಿರುವುದಿಲ್ಲ. ಇದನ್ನು ನನಗೆ ಹೇಳಿದ್ದು ಆ ಅಜ್ಜಿಯ ಮಗಳು. ಇಟ್ಟ ನೋಟಿನ ಜತೆ ‘ಗ್ರಾಸಿಯಾಸ್’ ಎಂದು ಒಂದು ಚೀಟಿ ಬರೆದಿಡಿ, ಇಲ್ಲದಿದ್ದರೆ ಮರೆತು ಬಿಟ್ಟ ಹಣವೆಂದು ಮುಟ್ಟಲು ಹೆದರುತ್ತಾರೆ ಎಂದೂ ಹೇಳಿದಳು. ಉಳಿದ ದಿನಗಳಲ್ಲಿ ನಮ್ಮ ಕೋಣೆಯ ಚೀಟಿ ಬರೆಯುವ ಕೆಲಸ ಮೊಮ್ಮಗಳದಾಯಿತು. ಕೊನೆಯ ದಿನ ಅವಳು ಗ್ರಾಸಿಯಾಸ್ ಕೆಳಗೆ, ಅಕ್ಷರ ಗುಂಡಗೆ ಮಾಡಿ, ಕನ್ನಡದಲ್ಲೂ ‘ಧನ್ಯವಾದ’ ಎಂದು ಬರೆದಳು.